ಮಂಡಿನೋವಿನ ಪುಡಿ

ಅಂಗಡಿಯಿಂದ,
ಬುಧವಾರ, ಜೂನ್ ೧೨

ಮುದ್ದಿನ ಮಗಳೇ,

ಹೇಗಿದ್ದೀಯಮ್ಮ? ಅಳಿಯಂದಿರ ಕೆಮ್ಮು ವಾಸಿಯಾಯಿತೇ? ಮಗುವಿಗೆ ಹಲ್ಲು ಬಂತೇ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ನೀನು ಅರ್ಧ ನಂಬಿದರೆ ಸಾಕು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಮನೆಗಿರುವುದು ಒಂದೇ ಫೋನು, ನಿನ್ನಮ್ಮ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ಗಿರಾಕಿಗಳಿಲ್ಲದ ಹೊತ್ತು ನೋಡಿ, ಕ್ಷೌರದ ಕುರ್ಚಿಯಲ್ಲಿ ನಾನೇ ಕುಳಿತು ಬರೆಯುತ್ತಿದ್ದೇನೆ.

ನೀನು ಕಳಿಸಿದ ಮಂಡಿನೋವಿನ ಪುಡಿಯನ್ನು ದಿನಾ ಬೆಳಿಗ್ಗೆ ಅವಳೇ ನೀರಿಗೆ ಕದಡಿ ತಂದು, ಲೋಟ ಖಾಲಿಯಾಗುವವರೆಗೂ ಎದುರಿಗೇ ನಿಲ್ಲುತ್ತಾಳೆ. ನಿನ್ನ ಮದುವೆಯಾದಾಗಿನಿಂದ ನಿನ್ನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದವಳು, ಈಗ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ "ನನ್ನ ಮಗಳು ಕಳಿಸಿದ್ದು, ಇವರ ಮಂಡಿಗೆ" ಅನ್ನುತ್ತಾಳೆ. ನಿಂತೇ ದುಡಿಯುವ ನನ್ನ ಮಂಡಿಗೆ ಎಷ್ಟು ಗುಣ ಕಂಡಿತೋ ದೇವರೇ ಬಲ್ಲ. ಆ ಮಾತು ಕೇಳಿ ಜೀವಕ್ಕಂತೂ ಹಾಯೆನಿಸಿತು.

ಆದರೆ ಪುಡಿ ಶುರುವಾದ ಮೇಲೆ ನನ್ನ ಸಕ್ಕರೆ ಏರುತ್ತಲೇ ಇದೆ. ಕಾಲಿನ ಗಾಯ ಮಾಯುತ್ತಿಲ್ಲ. ಡಾಕ್ಟರು ಇನ್ಸುಲಿನ್ ಮಾತೆತ್ತಿದ್ದಾರೆ. ನಾನು ಕದ್ದು ಸಿಹಿ ತಿನ್ನುತ್ತೇನೆಂದು ನಿನ್ನಮ್ಮನ ತೀರ್ಪು. ಸಕ್ಕರೆ ಡಬ್ಬಿಯನ್ನು ಅಲಮಾರಿಯಲ್ಲಿಟ್ಟು ಬೀಗ ಜಡಿದಿದ್ದಾಳೆ. ಪಕ್ಕದ ಚಹಾದಂಗಡಿಯವನನ್ನು ಗೂಢಚಾರ ಮಾಡಿಕೊಂಡಿದ್ದಾಳೆ, ಅವನೋ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ. ಮನೆಗೆ ಹೋದರೆ ಜೇಬು ತಡಕುತ್ತಾಳೆ. "ಈ ವಯಸ್ಸಲ್ಲೂ ಬಾಯಿ ಕಟ್ಟೋಕಾಗಲ್ವೇನ್ರೀ?" ಅನ್ನುತ್ತಾಳೆ. ಮಾಡದ ಕಳ್ಳತನಕ್ಕೆ ತಲೆ ತಗ್ಗಿಸಿ ನಿಲ್ಲುತ್ತೇನೆ.

ನಿಜವಾದ ಕಳ್ಳ ಸಿಕ್ಕಿದ್ದು ಮೊನ್ನೆ. ಖಾಲಿಯಾದ ಪುಡಿ ಡಬ್ಬಿಯನ್ನು ಬಾಚಣಿಗೆ ಹಾಕಿಡಲು ಅಂಗಡಿಗೆ ತಂದಿದ್ದೆ. ಮಾರನೆಯ ದಿನ ಬಾಚಣಿಗೆಗಳ ತುಂಬ ಇರುವೆ! ಗಿರಾಕಿಯೊಬ್ಬರ ಕನ್ನಡಕ ಕೇಳಿ ಪಡೆದು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದೆ. ಕಿತ್ತಳೆ ರುಚಿಯ ಜೊತೆ ಸಕ್ಕರೆಯೇ ಮುಕ್ಕಾಲು ಪಾಲು, ಮಂಡಿಯ ಮದ್ದು ಚಿಟಿಕೆಯಷ್ಟು. ಸಕ್ಕರೆ ಹಾಕದೆಯೇ ಮದ್ದಿಗೆ ಬೆರೆಸುವ ಸಿಹಿ ಅದು ಎಂದೇ ನಾನು ನಂಬಿದ್ದೆ. ನಿನಗೇನು ಗೊತ್ತಿತ್ತು, ಪಾಪ. ಹೇಳಿದರೆ ನಿನ್ನಮ್ಮ "ಹೇಳಿರಲಿಲ್ವಾ, ಅವಳಿಂದ ನಮಗೆ ಒಳ್ಳೇದಾಗಲ್ಲ ಅಂತ" ಎಂದು ಮತ್ತೆ ನಿನ್ನ ಜೊತೆ ಮಾತು ಬಿಡುತ್ತಾಳೆ. ಹೇಳದಿದ್ದರೆ ನನ್ನ ಕಾಲು. ಡಾಕ್ಟರಿಗೆ ಮೆಲ್ಲಗೆ ಹೇಳೋಣವೆಂದರೆ ಅಲ್ಲಿಗೂ ಜೊತೆಗೇ ಬರುತ್ತಾಳೆ. ಚೆಲ್ಲಿಬಿಡೋಣವೆಂದರೆ ಉಳಿದ ಡಬ್ಬಿಗಳೂ ಅದೇ ಬೀಗದೊಳಗಿವೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅದಕ್ಕೆ ಒಂದು ಉಪಕಾರ ಮಾಡು. ಸಕ್ಕರೆಯಿಲ್ಲದ ಮಾತ್ರೆ ಕಳಿಸಿ, ಪುಡಿಗಿಂತ ಇದು ಮೇಲು, ಹಳೆಯದನ್ನು ಬಿಸಾಡಿ ಎಂದು ಅಮ್ಮನಿಗೆ ನೀನೇ ಹೇಳು. ಈಗ ನಿನ್ನ ಮಾತು ಅವಳಿಗೆ ವೇದವಾಕ್ಯ. ಅಲ್ಲಿಯವರೆಗೆ ಹೇಗೋ ಕುಡಿದುಕೊಂಡಿರುತ್ತೇನೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿನ ಕೆನ್ನೆಗೊಂದು ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಮ್ಮ ಊಟ ತಂದಳು. ತನಗೂ ಮಂಡಿ ಹಿಡಿದಿದೆಯಂತೆ, ನಿನ್ನೆಯಿಂದ ಅವಳೂ ಒಂದು ಲೋಟ ಕುಡಿಯುತ್ತಿದ್ದಾಳಂತೆ. "ನನ್ನ ಮಗಳು ಕಳಿಸಿದ್ದು ನನಗೂ ಸೇರಬೇಡ್ವಾ?" ಎಂದು ನಕ್ಕಳು. ಅವಳ ಸಕ್ಕರೆ ನನ್ನದಕ್ಕಿಂತ ಹೆಚ್ಚು, ನಿನಗೆ ಗೊತ್ತೇ ಇದೆ. ನನ್ನ ಕಾಲಿನ ಮಾತು ಬೇರೆ, ಇದು ಬೇರೆ. ಇವತ್ತು ಮನೆಗೆ ಹೋದವನೇ ಎಲ್ಲ ಹೇಳಿಬಿಡುತ್ತೇನೆ. ಭಾನುವಾರ ನಿನ್ನ ಫೋನನ್ನು ಅವಳು ಎತ್ತದಿದ್ದರೂ, ನೀನು ಮಾಡುವುದನ್ನು ಬಿಡಬೇಡ.