ಹಳದಿ ಗೆರೆಯಾಚೆಯ ಹಾಸಿಗೆ

ಟ್ವೆಟ್ ದಿಣ್ಣೆ, ವಿಸ್ಕಾನ್ಸಿನ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಜಾನೆಲ್ ಅಕ್ಕನಿಗೆ,

ದೇವರ ದಯೆಯಿಂದ ನೀನೂ ಭಾವನೂ ಆ ಹಾಳು ಕೆಮ್ಮಿನಿಂದ ಎದ್ದು ಓಡಾಡುತ್ತಿದ್ದೀರಿ ಅಂತ ನಂಬಿಕೊಂಡು ಈ ಕಾಗದ ಬರೆಯಲು ಕೂತಿದ್ದೇನೆ.

ತಡವಾಯಿತು, ಬೈಯಬೇಡ. ನನ್ನ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಪೊಟ್ಟಣ ಜನವರಿಯಲ್ಲೇ ಬಂದು ಸೇರಿತು. ಕೈಗವಸು ಅಳತೆಗೆ ಸರಿಯಾಗಿದೆ. ಲ್ಯಾವೆಂಡರ್ ಸೋಪೂ ಬಂತು. ಮದುವೆಯ ಹಿಂದಿನ ದಿನ ಮೊದಲ ಸಲ ಕೊಟ್ಟಿದ್ದೆಯಲ್ಲ, ಅಲ್ಲಿಂದ ಒಂದು ವರ್ಷವೂ ನೀನು ತಪ್ಪಿಸಿದವಳಲ್ಲ. ಐವತ್ತು ತುಂಬಿತು ಅಂತಲೋ ಏನೋ ಈ ಸಲ ದೊಡ್ಡ ಡಬ್ಬಿಯನ್ನೇ ಕಳಿಸಿದ್ದೀಯ. ಸೋಪಿನ ವಿಷಯ ಆಮೇಲೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತಾ ಅನ್ನುತ್ತೀಯ. ಈಗ ನಮ್ಮ ಮನೆಯವರು ಆರ್ಲನ್ ಇರುವ ಸ್ಥಿತಿಯಲ್ಲಿ ಫೋನು ಬಾರಿಸುವ ಹಾಗಿಲ್ಲ. ಗಂಟೆ ಸದ್ದಾದರೆ ಇವರು ದಡಕ್ಕನೆ ಎದ್ದು ನಿಲ್ಲುತ್ತಾರೆ, ಮತ್ತೆ ಕೂರಿಸೋದರೊಳಗೆ ಸಾಕುಸಾಕಾಗುತ್ತದೆ. ಅಲ್ಲದೆ ಬಾಯಲ್ಲಿ ಹೇಳಲು ಹೋದರೆ ಅರ್ಧದಲ್ಲೇ ಫೋನು ಇಟ್ಟುಬಿಡುತ್ತೇನೆ. ಕೈ ಹಾಗಲ್ಲ, ಬರೆಯುತ್ತದೆ.

ಇಲ್ಲಿ ಹಿಮ ಕರಗುತ್ತಿದೆ. ಹಳ್ಳ ಕೆಸರುಗಟ್ಟಿ ಹರಿಯುತ್ತಿದೆ. ಪಕ್ಕದ ತೋಟದ ಮುದುಕ ಕ್ಲೀಟಸ್‌ನ ಹಸು ಅವಳಿ ಕರು ಹಾಕಿತು, ಎರಡೂ ಹೆಣ್ಣು. ಅವನು ಊರೆಲ್ಲ ಹೇಳಿಕೊಂಡು ಬಂದ, ತಾನೇ ಹೆತ್ತವನ ಹಾಗೆ. ಚರ್ಚಿನಲ್ಲಿ ಈಸ್ಟರ್ ಮುಂಚಿನ ಬುಧವಾರಗಳ ಸೂಪಿನ ಊಟ ಶುರುವಾಯಿತು. ಈ ವರ್ಷ ನನ್ನ ಸರದಿಯನ್ನು ಬೇರೆಯವರಿಗೆ ಕೊಟ್ಟೆ. ಪಾದ್ರಿಗಳು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಇವರು ಅವರ ಹಿಂದೆ ಹಿಂದೆಯೇ ನಡೆದು ಬಾಗಿಲವರೆಗೆ ಕಳಿಸಿಬಂದು, ಚಿಲಕ ತೆಗೆದೇ ಇದೆಯಾ ಅಂತ ನೋಡಿಕೊಂಡರು.

ಬಾಗಿಲ ಮಾತಿಗೇ ಬರುತ್ತೇನೆ ಅಕ್ಕ.

ನಿನಗೆ ನೆನಪಿದೆ, ನಮ್ಮ ಕಾಡಿನಲ್ಲಿ ಇವರು ಜಿಂಕೆಗಳಿಗೆ ಮಲಗುವ ಜಾಗ ಮಾಡುತ್ತಾರೆ ಅಂದಾಗ ನೀನು ಬಿದ್ದುಬಿದ್ದು ನಕ್ಕಿದ್ದೆ. "ದಿಂಬೂ ಇಡ್ತಾನಾ ನಿನ್ನ ಗಂಡ?" ಅಂದಿದ್ದೆ. ನಾನೂ ಕಮ್ಮಿ ಕಾಡಿಸಿಲ್ಲ. "ಕಟ್ಟಿಕೊಂಡವಳ ಗಾದಿ ಹಳ್ಳ ಬಿದ್ದು ವರ್ಷವಾಯ್ತು, ಇಲ್ಲಿ ಜಿಂಕೆಗೆ ಹಾಸಿಗೆ!" ಅಂತ ಅಣಕಿಸಿದರೆ ಇವರು ಗರಗಸದ ಎಣ್ಣೆ ಕೈ ಒರೆಸಿಕೊಳ್ಳುತ್ತಾ, "ನೀನು ದೂರು ಹೇಳ್ತೀಯ, ಅವು ಹೇಳಲ್ಲ ಕಣೇ" ಅನ್ನೋರು.

ಫೆಬ್ರವರಿ ಬಂತೆಂದರೆ ಹೊರಡುವರು. ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ಸಣ್ಣ ಮೇಪಲ್ಲು, ಎಲ್ಮು ನೋಡಿ ಎದೆಮಟ್ಟಕ್ಕೆ ಮುಕ್ಕಾಲು ಭಾಗ ಕೊಯ್ದು ಮೆಲ್ಲಗೆ ಬಗ್ಗಿಸುವರು. ಮರ ಪೂರಾ ಮುರಿಯಬಾರದು, ತೊಗಟೆ ಕಚ್ಚಿಕೊಂಡಿರಬೇಕು. ಹಾಗಿದ್ದರೆ ಬಿದ್ದ ಮರವೂ ಬದುಕಿ ಬೇಸಿಗೆಗೆ ಚಿಗುರುತ್ತದೆ. ಆ ಚಿಗುರು ಜಿಂಕೆಗೆ ಮೇವು, ಆ ರೆಂಬೆ ಜಿಂಕೆಗೆ ಸೂರು. ಅದರ ಕೆಳಗೆ ಕಲ್ಲು ಕಡ್ಡಿ ಗುಡಿಸಿ, ಒಂದು ಬಾಗಿಲಿನಷ್ಟು ಅಗಲ ನೆಲವನ್ನು ಸಮ ಮಾಡಿ, ಹಿಂದೆ ಒಂದು ದಿಮ್ಮಿ ಉರುಳಿಸಿ ಇಡುವರು. "ಬೆನ್ನಿಗೆ ಏನಾದರೂ ಬೇಕು. ಗಾಳಿ ಹಿಂದಿನಿಂದ ಬರಬೇಕು, ಹಿಂದೆ ಬರೋರನ್ನ ಮೂಗು ನೋಡಿಕೊಳ್ಳುತ್ತೆ. ಮುಂದೆ ಬರೋರನ್ನ ಕಣ್ಣು ನೋಡಿಕೊಳ್ಳುತ್ತೆ. ಎದ್ದು ಹೋಗೋಕೆ ಎರಡು ದಾರಿ ಬೇಕು. ಹೋಗೋಕೆ ದಾರಿ ಇಲ್ಲದ ಕಡೆ ಅದು ಮಲಗೋದೇ ಇಲ್ಲ" ಅನ್ನೋರು.

ಮಾರ್ಚಿನಲ್ಲಿ ಕೆಲಸ ಮುಗಿಸಿ ಈಚೆ ಬಂದರೆ ಮತ್ತೆ ಮುಂದಿನ ಚಳಿಗಾಲದವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಸುತ್ತಲ ಮರಗಳಿಗೆ ಹಳದಿ ಬಣ್ಣ ಬಳಿದಿದ್ದಾರೆ. ನಾನೂ ದಾಟಿದವಳಲ್ಲ. ನವೆಂಬರಿನ ಬೇಟೆಯಲ್ಲಿ ಇವರೂ ಹೊಡೆಯುವುದು ಗೆರೆಯ ಈಚೆ, ಮೇಯಲು ಬಂದದ್ದನ್ನು. ಒಮ್ಮೆ ಕ್ಲೀಟಸ್‌ನ ಭಾವಮೈದ ಒಳಗೆ ನುಗ್ಗಿ ಮಲಗಿದ್ದ ಜಿಂಕೆಯನ್ನು ಎಬ್ಬಿಸಿದ ಅಂತ ಅವನನ್ನು ಎರಡು ವರ್ಷ ಮಾತಾಡಿಸಲಿಲ್ಲ.

ಇವರ ಮರೆವಿನ ಕಾಯಿಲೆ ಜೋರಾದ ಮೇಲೆ ನರ್ಸಮ್ಮ ಹೇಳಿದ್ದಕ್ಕೆ ಬಾಗಿಲುಗಳಿಗೆ ಬೀಗ ಹಾಕಿಸಿದೆನಲ್ಲ, ಅವತ್ತಿನಿಂದ ಇವರು ಮಲಗುವುದನ್ನೇ ಬಿಟ್ಟರು. ಮೆಟ್ಟಿಲ ಮೇಲೆ ಕೂತು ಕಣ್ಣು ಬಿಟ್ಟುಕೊಂಡೇ ಇರುವರು. ಮಾತ್ರೆ ಕೊಟ್ಟರೂ ಇಲ್ಲ. ಒಂದು ದಿನ ಬಟ್ಟೆ ಮಡಿಸುತ್ತಿದ್ದಾಗ ಇವರ ಮಾತು ನೆನಪಾಯಿತು. ನಮ್ಮ ಮಂಚ ಕೋಣೆಯ ನಡುವೆ ಇದೆ, ಬಾಗಿಲು ತಲೆಯ ಹಿಂದೆ ಇದೆ. ಒಂದು ಸಣ್ಣ ಮಂಚ ಎಳೆದು ತಂದು ಮುಂದಿನ ಕೋಣೆಯ ಗೋಡೆಗೆ ಒತ್ತಿ ಹಾಕಿದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಇಳಿಜಾರು. ಅಡುಗೆಮನೆ ಬಾಗಿಲು, ಜಗಲಿ ಬಾಗಿಲು ಎರಡನ್ನೂ ತೆರೆದಿಟ್ಟೆ. ಇವರು ಬಂದು ಒಂದು ಸುತ್ತು ಹಾಕಿದರು, ನಿಂತರು, ಮಂಡಿ ಮಡಚಿ ಮಲಗಿದರು. ಮಧ್ಯಾಹ್ನ ಮಲಗಿದವರು ದೀಪ ಹಚ್ಚುವ ಹೊತ್ತಿಗೆ ಎದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ದೇವರಿಗೆ ಕೈಮುಗಿದೆ. ನನ್ನ ಕೈಯಿಂದಲೂ ಒಂದು ಹಾಸಿಗೆ ಆಯಿತಪ್ಪ ಅಂದುಕೊಂಡೆ.

ಅದಕ್ಕೇ ಅಕ್ಕ, ಅಕ್ಟೋಬರಿನಲ್ಲಿ ನೀನು ನಿಮ್ಮೂರು ಲಾ ಕ್ರಾಸಿಗೆ ಕರೆಸಿ ಆ ಆರೈಕೆ ಮನೆ ತೋರಿಸಿದಾಗ ನಾನು ಹಾಗೆ ಸಿಡುಕಿದ್ದು. ಜಾಗ ಚೊಕ್ಕಟವಾಗಿತ್ತು, ಹುಡುಗಿಯರು ನಗುನಗುತ್ತಾ ಮಾತಾಡಿಸಿದರು. ಆದರೆ ಆ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಆದ ಸದ್ದು! "ಲೋರ್ನಾ, ಅದೇನು ಜೈಲಲ್ಲ ಕಣೇ" ಅಂದೆ ನೀನು. "ನಿನ್ನ ಗಂಡನ್ನ ಹಾಕು ಹಾಗಿದ್ರೆ" ಅಂದುಬಿಟ್ಟೆ ನಾನು. ಪಾಪ ಭಾವ ಅಲ್ಲೇ ನಿಂತಿದ್ದರು, ಕಾಫಿ ಲೋಟ ಹಿಡಿದುಕೊಂಡು. ಅವರಿಗೆ ನನ್ನ ಕ್ಷಮೆ ಹೇಳು.

ಈಗ ಫೆಬ್ರವರಿಯಲ್ಲಿ ಆದದ್ದು ಕೇಳು. ಕ್ಲೀಟಸ್ ಶನಿವಾರ ಸಂಜೆಯೇ ಅವರ ಕ್ಯಾಥೊಲಿಕ್ ಚರ್ಚಿನ ಪೂಜೆ ಮುಗಿಸಿಕೊಳ್ಳುವವನಾದ್ದರಿಂದ ಭಾನುವಾರ ನಾನು ಚರ್ಚಿಗೆ ಹೋದಾಗ ಇವರ ಜೊತೆ ಬಂದು ಕೂರುತ್ತಾನೆ. ಅವತ್ತು ನಾನು ತಿರುಗಿ ಬಂದರೆ ಅಂಗಳದಲ್ಲಿ ಟೋಪಿ ಹಿಂಡುತ್ತಾ ನಿಂತಿದ್ದಾನೆ.

"ಟೀವಿಯಲ್ಲಿ ಆಟ ಬರ್ತಿತ್ತು ಕಣಮ್ಮ. ಅವನೂ ನೋಡ್ತಿದ್ದ. ಕೊನೇ ಗಳಿಗೆ, ಕಣ್ಣು ಕೀಳೋ ಹಾಗಿರಲಿಲ್ಲ. ತಿರುಗಿ ನೋಡಿದ್ರೆ ಕುರ್ಚಿ ಖಾಲಿ."

ಗೂಟದಲ್ಲಿ ಕೋಟು ಹಾಗೇ ಇತ್ತು. ಬೂಟೂ ಇತ್ತು. ಹಿಮದ ಮೇಲೆ ಕಾಲುಚೀಲದ ಹೆಜ್ಜೆ ಕಾಡಿನ ಕಡೆಗೆ ಹೋಗಿತ್ತು. ಇವರ ಕೋಟು ತೆಗೆದುಕೊಂಡು ಓಡಿದೆ. ಕ್ಲೀಟಸ್ ಬೂಟು ಹಿಡಿದು ಏದುಸಿರು ಬಿಡುತ್ತಾ ಹಿಂದೆ ಬಂದ. ಹಳದಿ ಬಣ್ಣದ ಮರಗಳು ಬಂದವು ನೋಡು, ಗಕ್ಕನೆ ನಿಂತುಬಿಟ್ಟ.

"ಇದನ್ನ ದಾಟಿದ್ರೆ ಕಾಲು ಮುರೀತೀನಿ ಅಂದಿದ್ದಾನೆ ನಿನ್ನ ಗಂಡ."

"ಅವರಿಗೆ ನಿಮ್ಮ ಹೆಸರೇ ಮರೆತುಹೋಗಿದೆ ಕ್ಲೀಟಸ್!"

"ಹೆಸರು ಮರೆತಿರಬಹುದು. ನನ್ನ ಕಾಲು ಮರೆತಿರಲ್ಲ."

ಆ ಹೊತ್ತಿನಲ್ಲೂ ನನಗೆ ನಗು ಬಂತು ಅಂದರೆ ನಂಬು. ಬೂಟು ಈಸಿಕೊಂಡು ನಾನೊಬ್ಬಳೇ ಒಳಗೆ ಹೋದೆ. ನಮ್ಮದೇ ಕಾಡಿನ ಆ ಭಾಗವನ್ನು ಮೊದಲ ಸಲ ನೋಡಿದೆ ಅಕ್ಕ. ಎಷ್ಟು ಮರಗಳು ಬಗ್ಗಿ ನಿಂತಿವೆ, ಎಲ್ಲವೂ ಬದುಕಿವೆ. ಒಂದೊಂದರ ಕೆಳಗೂ ಹಿಮ ಕರಗಿ ಮೊಟ್ಟೆಯಾಕಾರದ ಗುರುತು, ಜಿಂಕೆ ಮಲಗಿ ಎದ್ದ ಬಿಸಿ. ಎಲ್ಲವೂ ಒಂದೇ ಕಡೆಗೆ, ಇಳಿಜಾರಿನ ಕಡೆಗೆ ಮುಖ ಮಾಡಿ. ಅಂಥದ್ದೇ ಒಂದರಲ್ಲಿ ಇವರು ದಿಮ್ಮಿಗೆ ಬೆನ್ನು ಕೊಟ್ಟು ಮುದುರಿ ಮಲಗಿದ್ದರು. ಸುತ್ತ ಹಿಮ ಕರಗಿತ್ತು.

ಹತ್ತಿರ ಹೋದೆ. ತಲೆ ಎತ್ತಿದರು, ಎದ್ದರು, ಓಡಿದರು. ಅರವತ್ತು ದಾಟಿದವರು, ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಮೇಲಿನ ಇನ್ನೊಂದು ಹಾಸಿಗೆಯಲ್ಲಿ ಹೋಗಿ ಕೂತರು. ಹಿಂದಿನಿಂದ ಬಳಸಿ ಹೋದೆ. ಮತ್ತೆ ಓಡಿದರು. ಮೂರನೇ ಸಲ ಹತ್ತಿರ ಕೂರಗೊಟ್ಟರು. ಅದು ಹೇಗೆ ಅನ್ನುವುದನ್ನು ಈಗ ಬರೆಯಲಾರೆ.

ಕಾಲಿಗೆ ಬೂಟು ಹಾಕಿದೆ, ಸುಮ್ಮನಿದ್ದರು. ಬೆನ್ನಿಗೆ ಬೆನ್ನು ತಾಗಿಸಿ ಕೂತೆ. ಪಿಸುಮಾತಿನಲ್ಲಿ ಕೇಳಿದರು, "ನೀನು ಯಾರ ಕಡೆಯವಳು?"

"ಮನೆ ಕಡೆಯವಳು" ಅಂದೆ.

"ಮನೇಲಿ ಯಾರೂ ಇಲ್ಲ. ಲೋರ್ನಾ ಚರ್ಚಿಗೆ ಹೋಗಿದ್ದಾಳೆ. ಅವಳು ಬರಲಿ, ಆಮೇಲೆ ಹೋಗ್ತೀನಿ."

ನನ್ನ ಹೆಸರು ನೆನಪಿದೆ ಅಕ್ಕ. ನಾನು ಚರ್ಚಿಗೆ ಹೋಗಿದ್ದೂ ನೆನಪಿದೆ. ಪಕ್ಕದಲ್ಲಿ ಕೂತವಳು ಮಾತ್ರ ನಾನಲ್ಲ.

"ಲೋರ್ನಾ ಬಂದಾಯ್ತು. ಸೂಪು ಬಿಸಿಗಿಟ್ಟು ಕೂಗ್ತಿದ್ದಾಳೆ" ಅಂದೆ.

"ಹೌದಾ? ಮೊದಲೇ ಹೇಳಬಾರದಾ ಮಾರಾಯ್ತಿ!" ಅಂತ ಎದ್ದೇಬಿಟ್ಟರು. ನನ್ನ ಕೈಹಿಡಿದು, ಬಗ್ಗಿದ ಮರಗಳ ನಡುವೆ ದಾರಿ ತೋರಿಸುತ್ತಾ ನನ್ನನ್ನೇ ಕರೆದುಕೊಂಡು ಬಂದರು. ಮನೆಗೆ ಬಂದು ಕೋಣೆ ಕೋಣೆ ತಿರುಗಿ ನೋಡಿದರು. ಆಮೇಲೆ ಕಿಟಕಿಯ ಹತ್ತಿರ ನಿಂತು ಕಾದರು. ಸೂಪು ಆರಿತು. ಕ್ಲೀಟಸ್ ಒಲೆಯ ಹತ್ತಿರ ಮುಖ ತಿರುಗಿಸಿಕೊಂಡು ಮೂಗೊರೆಸುತ್ತಿದ್ದ.

ಎಡಗಾಲಿನ ಎರಡು ಬೆರಳು ಕಪ್ಪಾದವು, ಡಾಕ್ಟರು ತೆಗೆದರು. ಇನ್ನೊಂದು ಸಲ ಹೀಗಾದರೆ ಬೆರಳಿಗೇ ಮುಗಿಯುವುದಿಲ್ಲ ಅಂದರು. ನಾನು ತುಂಬ ಪ್ರಾರ್ಥಿಸಿದೆ. ಕರ್ತನೇ, ಬಾಗಿಲು ತೆರೆದಿಟ್ಟರೆ ಚಳಿ ಕೊಲ್ಲುತ್ತದೆ, ಮುಚ್ಚಿದರೆ ಮುಚ್ಚಿದ್ದೇ ಕೊಲ್ಲುತ್ತದೆ, ನೀನೇ ಹೇಳು ಅಂದೆ. ಉತ್ತರ ಬಂತು ಅಂತ ಸುಳ್ಳು ಬರೆಯಲಾರೆ. ಕಾಲಿಗೆ ಪಟ್ಟಿ ಕಟ್ಟುವಾಗ ಆ ಎರಡು ಬೆರಳಿನ ಜಾಗ ನೋಡಿ ನಾನೇ ತೀರ್ಮಾನಿಸಿದೆ. ಏಪ್ರಿಲಿನಲ್ಲಿ ಆ ಆರೈಕೆ ಮನೆಯಲ್ಲಿ ಕೋಣೆ ಖಾಲಿಯಾಗುತ್ತದೆ ಅಂದಿದ್ದೆಯಲ್ಲ, ಹೂಂ ಅಂತ ಹೇಳಿಬಿಡು. ನಾನು ನಿನ್ನ ಮೇಲಿನ ಕೋಣೆಯಲ್ಲಿ ಇರುತ್ತೇನೆ, ದಿನವೂ ಹೋಗಿ ಬರುತ್ತೇನೆ.

ಒಂದು ಕೆಲಸ ಮಾಡಿಕೊಡು. ನಾವು ಬರುವ ಮುಂಚೆ ನೀನೇ ಹೋಗಿ ಆ ಮಂಚವನ್ನು ಗೋಡೆಗೆ ಒತ್ತಿ ಹಾಕಿಸು. ಮುಖ ಕಿಟಕಿಯ ಕಡೆಗಿರಲಿ. ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ, ಏನು ಮಾಡುವುದು, ಬರುವವರು ಹೋಗುವವರಾದರೂ ಕಾಣಲಿ. ಬಚ್ಚಲ ಬಾಗಿಲನ್ನು ಸದಾ ತೆರೆದಿಡಲು ಹೇಳು, ಅದನ್ನೊಂದು ದಾರಿ ಅಂದುಕೊಂಡಾರು. ಎರಡನೆಯ ದಾರಿಯನ್ನು ಮಾತ್ರ ನಾನು ಎಲ್ಲಿಂದಲೂ ತಂದುಕೊಡಲಾರೆ.

ಕಾಡನ್ನು ಕ್ಲೀಟಸ್ ನೋಡಿಕೊಳ್ಳುತ್ತಾನೆ. "ಗೆರೆ ದಾಟಲ್ಲ, ದಾಟೋಕೂ ಬಿಡಲ್ಲ, ನನ್ನ ಕಾಲಿನಾಣೆ" ಅಂದ. ಬಣ್ಣ ಮಾಸಿದ ಕಡೆ ಹೊಸದಾಗಿ ಬಳಿಯಲು ಡಬ್ಬಿ ಕೊಟ್ಟಿದ್ದೇನೆ.

ಕರ್ತನು ನಿನ್ನ ಮನೆಯ ಹೊಸಿಲನ್ನು ಕಾಯಲಿ, ಭಾವನ ಎದೆಯ ಕಫ ಇಳಿಸಲಿ, ನಿನ್ನ ಮಂಡಿಗೆ ಶಕ್ತಿ ಕೊಡಲಿ. ನನಗೋಸ್ಕರ ಒಂದು ಮಾತು ಬೇಡಿಕೊ.

ನಿನ್ನ ತಂಗಿ,
ಲೋರ್ನಾ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದೆ. ಹೇಳದೆ ಹೋದರೆ ಮುಂದಿನ ಜನವರಿಗೆ ನೀನು ಮತ್ತೆ ಸೋಪು ಕಳಿಸುತ್ತೀಯ. ಕಳಿಸಬೇಡ ಅಕ್ಕ. ನಿನ್ನ ತಪ್ಪು ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವತ್ತು ಚರ್ಚಿಗೆ ಅಂತ ಹೊಸ ಸೋಪು ಹಚ್ಚಿ ಮಿಂದಿದ್ದೆ. ಎರಡು ಸಲವೂ ಗಾಳಿ ನನ್ನ ಬೆನ್ನ ಹಿಂದಿನಿಂದ ಇವರ ಕಡೆಗೆ ಬೀಸುತ್ತಿತ್ತು. ಇವರು ನನ್ನ ಮುಖ ನೋಡಿ ಓಡಲಿಲ್ಲ, ಮೂಗು ಎತ್ತಿ ಮೂಸಿ ಓಡಿದರು. ಅದು ಗೊತ್ತಾದಾಗ ಹಿಮದಿಂದ ಕತ್ತು, ಕೈ, ಮುಖ ಉರಿಯುವವರೆಗೆ ಉಜ್ಜಿಕೊಂಡೆ. ಕೈಯಲ್ಲಿದ್ದ ಇವರ ಕೋಟನ್ನು ನಾನೇ ತೊಟ್ಟೆ. ಗರಗಸದ ಎಣ್ಣೆ, ಬೆವರು, ಸೀಡರ್ ಮರದ ಪುಡಿ, ಎಷ್ಟು ವರ್ಷದಿಂದ ಒಗೆಯಲು ಕೊಡಿ ಅಂತ ನಾನು ಜಗಳವಾಡಿದ ಕೋಟು. ಕೆಳಗಿನಿಂದ ಹತ್ತಿ ಎದುರಿಗೆ ಕೂತೆ. ಇವರು ಬಗ್ಗಿ ತೋಳನ್ನು ಮೂಸಿದರು. ಆಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು.

ಅವತ್ತಿನಿಂದ ಬೇಟೆಗಾರರ ಅಂಗಡಿಯಲ್ಲಿ ಸಿಗುವ, ವಾಸನೆಯಿಲ್ಲದ ಸೋಪಿನಲ್ಲಿ ಮೀಯುತ್ತೇನೆ. ಮನೆಯೊಳಗೂ ಆ ಕೋಟು ತೊಟ್ಟೇ ಓಡಾಡುತ್ತೇನೆ, ಅಲ್ಲಿಗೂ ತೊಟ್ಟೇ ಬರುತ್ತೇನೆ, ನೋಡಿದವರು ಏನಾದರೂ ಅಂದುಕೊಳ್ಳಲಿ. ಸೋಪಿನ ಡಬ್ಬಿಯನ್ನು ಕ್ಲೀಟಸ್‌ನ ಹೆಂಡತಿಗೆ ಕೊಟ್ಟೆ. ಮದುವೆಯ ರಾತ್ರಿ ಇವರು ನನ್ನ ಕೂದಲಲ್ಲಿ ಮುಖವಿಟ್ಟು, ಕಣ್ಣು ಕಟ್ಟಿದರೂ ಈ ವಾಸನೆ ಹಿಡಿದು ನಿನ್ನ ಹುಡುಕಿಕೊಂಡು ಬರ್ತೀನಿ ಅಂದಿದ್ದರು. ಈಗ ಆ ವಾಸನೆ ಬಂದರೆ ಮನುಷ್ಯರು ಬಂದರು ಅಂತ ಎದ್ದು ಹೋಗುತ್ತಾರೆ.