ಅಪ್ಪುವಿನ ಹೆಸರಿನ ಚಿತ್ರ

ಭಾನುವಾರ, 9 ಫೆಬ್ರುವರಿ 2025. ಬೆಟಗೇರಿ.

ಇವತ್ತು ನಾನು ಎದ್ದು ನಿಲ್ಲಲಿಲ್ಲ. ಅದೊಂದೇ ತಲೆ ತಿನ್ನುತ್ತಿದೆ.

ಗೆಳತಿ ನೂರೀನ ಬರೆದ, ಮಗ್ಗದ ಮುಂದೆ ಕೂತ ಅವಳ ತಾಯಿಯ ಚಿತ್ರವನ್ನು ಗದಗಿನ ಚಿತ್ರ ಪ್ರದರ್ಶನದ ಸಂಘದವರು ಎರಡು ವರ್ಷ ವಾಪಸು ಕಳಿಸಿದ್ದರು. ಈ ಸಲ ಅದನ್ನೇ ನನ್ನ ತಮ್ಮ ಅಪ್ಪುವಿನ ಹೆಸರಲ್ಲಿ ಕೊಟ್ಟೆವು. ಮೊದಲ ಬಹುಮಾನ ಬಂತು! ಅಪ್ಪುವಿನ ಹೆಸರು ಕರೆದಾಗ ನೂರೀನ, ನಾನು ಇಬ್ಬರೂ ಎದ್ದು ನಿಜ ಹೇಳುವುದೆಂದು ಮಾತಾಗಿತ್ತು.

ಕರೆದರು. ನೂರೀನ ಎದ್ದಳು. "ಆ ಚಿತ್ರ ನಂದೈತ್ರಿ. ನನ್ನ ಹೆಸರಿಲೆ ಬಂದಾಗ ಯಾಕ ಬ್ಯಾಡಾತು?"

"ಸುಳ್ಳ ಹೆಸರು ಕೊಟ್ಟು ಮೋಸ ಮಾಡೀರಿ. ಸಾಕ್ಷಿ ಯಾರರ ಅದಾರೇನು?" ಎಂದರು ಸಂಘದ ಅಧ್ಯಕ್ಷರು, ಮೈಕಿನಲ್ಲೇ.

ಅವಳು ನನ್ನತ್ತ ನೋಡಿದಳು. ನಾನು ಗೋಡೆಯತ್ತ ನೋಡಿದೆ. ಮೂವತ್ತು ಚಿತ್ರಗಳಲ್ಲಿ ಹೆಣ್ಣಿನ ಹೆಸರಿದ್ದದ್ದು ಒಂದಕ್ಕೇ, ನನ್ನದಕ್ಕೆ.

ಅವಳ ಚಿತ್ರವನ್ನು ಇಳಿಸಿ ಕೈಗೆ ಕೊಟ್ಟರು. ಆಟೊದಲ್ಲಿ ಕ್ಷಮೆ ಕೇಳಿದೆ.

"ನನ್ನ ಮುಂದ ಯಾಕ ಹೇಳ್ತೀ ಶಿವರಂಜನಿ? ಅಲ್ಲೆ ಹೇಳಬೇಕಿತ್ತು," ಎಂದಳು, ಸಿಟ್ಟಿಲ್ಲದೆ.

ನಾಳೆ ಹೋಗಿ ಅಧ್ಯಕ್ಷರೆದುರು ಹೇಳುತ್ತೇನೆ. ನನ್ನ ಚಿತ್ರವನ್ನೂ ಇಳಿಸಲಿ. ಆದರೆ ಅದು ಗೋಡೆಯ ಮೇಲಿರುವುದನ್ನು ಅವ್ವ ಇನ್ನೂ ನೋಡಿಲ್ಲ...