ದಿಂಬಿನ ಕೆಳಗಿನ ಬೀಡಿ ಕಟ್ಟು

ಅಪ್ಪಯ್ಯ,

ನಾನು ಬಿಡದಿ ಬಸ್ಸಿಗೆ ಹೊರಟೆ. ಗಂಜಿ ಒಲೆ ಪಕ್ಕದಲ್ಲಿದೆ, ಬಿಸಿಯಿರುವಾಗಲೇ ಕುಡಿ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದ್ದೇನೆ, ಈ ಫ್ಲೂ ಜ್ವರದಲ್ಲಿ ನೀನು ಏಳಬೇಡ. ಅವು ಮೇಯುವ ಸದ್ದು ಸೋನೆ ಮಳೆಯ ಹಾಗಿತ್ತು. ಕೇಳುತ್ತಾ ಕೇಳುತ್ತಾ ಗೋಡೆಗೊರಗಿ ನಿಂತಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ನೀನು ಕೆಮ್ಮಿಲ್ಲದೆ, ನಗುತ್ತಾ ಹಿಪ್ಪುನೇರಳೆ ತೋಟದಲ್ಲಿ ನಡೆಯುತ್ತಿದ್ದೆ.

ದಿಂಬಿನ ಕೆಳಗಿದ್ದ ಬೀಡಿ ಕಟ್ಟನ್ನು ನಾನೇ ಎತ್ತಿಕೊಂಡಿದ್ದೇನೆ, ಹುಡುಕಬೇಡ. "ಬೀಡಿ ಸೇದೋರ ಎದೆಗೆ ಫ್ಲೂ ಬೇಗ ಅಂಟುತ್ತೆ, ಜೋರಾಗೂ ಕಾಡುತ್ತೆ" ಅಂತ ಡಾಕ್ಟರು ಹೇಳುವಾಗ ನೀನು ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ.

ಹುಳುಗಳ ಮನೆಗೆ ಮಾತ್ರ ಬೀಡಿ ಆರಿಸಿ, ಬಾಯಿ ಮುಕ್ಕಳಿಸಿ ಬರುತ್ತೀಯ. "ಹೊಗೆ ತಾಕಿದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ ಕಣವ್ವ" ಅಂತ ಹೇಳಿಕೊಟ್ಟವನು ನೀನೇ.

ನೀನು ಅನ್ನ ಮುಟ್ಟಿ ಇವತ್ತಿಗೆ ನಾಲ್ಕು ದಿನ.

ಭಾನು